ರಪೋಲಾಸನ ಗುಳುಗುಳು ಕೊಳವೆ

ರಪೋಲಾಸನ ಬಿಯರಿನ ನೊರೆ ಎಷ್ಟು ಗಟ್ಟಿಯೆಂದರೆ, ಒಮ್ಮೆ ನಮ್ಮ ಪಾದ್ರಿಯ ಬೆಕ್ಕು ಅದರ ಮೇಲೆ ನಡೆದು ಪೀಪಾಯಿಯ ಆಚೆ ಬದಿ ಸೇರಿತು. ಕಾಲು ಕೂಡ ಒದ್ದೆಯಾಗಲಿಲ್ಲ. ನಂಬದವರು ಬೆಕ್ಕನ್ನೇ ಕೇಳಿಕೊಳ್ಳಲಿ.

ಬಿರ್ಜೈ ಪಟ್ಟಣದ ಕಡೆಯ ನಮ್ಮ ಹಳ್ಳಿಯಲ್ಲಿ ಬಿಯರು ಮಾಡದ ಮನೆಯಿಲ್ಲ. ಆದರೆ ಅವನಷ್ಟು ಅಗ್ಗದಲ್ಲಿ ಮಾಡಿದವರೂ ಇಲ್ಲ. ಸರಕಾರದ ಸಾಮೂಹಿಕ ಬೇಸಾಯದ ಫಾರಂ ಮುಚ್ಚಿದಾಗ ಊರವರೆಲ್ಲ ಹಸುವಿಗೂ ಟ್ರ್ಯಾಕ್ಟರಿಗೂ ಕಿತ್ತಾಡುತ್ತಿದ್ದರೆ, ಇವನು ಗುಜರಿಯ ರಾಶಿಯನ್ನು ಹೊತ್ತು ತಂದ. ಕೆಟ್ಟ ವಾಷಿಂಗ್ ಮಷೀನಿನ ತೊಟ್ಟಿಯ ತಳಕ್ಕೆ ರೈ ಧಾನ್ಯದ ಒಣಹುಲ್ಲು ಹಾಸಿ, ಮೊಳಕೆಯ ಬಾರ್ಲಿ ನೆನೆಸಿ ಸೋಸುವ ಪಾತ್ರೆ ಮಾಡಿಕೊಂಡ. ದೋಣಿಯ ಮುರಿದ ಹುಟ್ಟು ಸೌಟಾಯಿತು. ಹಾಲಿನ ಕ್ಯಾನಿನ ಮುಚ್ಚಳಕ್ಕೆ ತೂತು ಕೊರೆದು, ಹಾಲು ಕರೆಯುವ ಯಂತ್ರದ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಜಾಮ್ ಬಾಟಲಿಯೊಳಗೆ ಇಳಿಬಿಟ್ಟ. ಕ್ಯಾನಿನಲ್ಲಿ ಬಿಯರು ಹುದುಗುವಾಗ ಬಾಟಲಿ ಗುಳುಗುಳು ಎನ್ನುತ್ತಿತ್ತು.

ಅವನ ಹೆಂಡತಿ ಉರ್ಶುಲೆ ಚಳಿಗಾಲದ ಕೊನೆಯಲ್ಲಿ ತೀರಿಕೊಂಡಳು. ಬೇಸಿಗೆಯಲ್ಲಿ ರಪೋಲಾಸ್ ಖಾಲಿ ಜಾಡಿ ಹಿಡಿದು ನಮ್ಮ ಬಾಗಿಲಿಗೆ ಬಂದ.

"ಯೀಸ್ಟ್ ಸತ್ತೋಯ್ತು," ಅಂದ.

ಜಾಡಿಗೆ ಹಗ್ಗ ಕಟ್ಟಿ ಬಾವಿಯ ತಂಪಿಗೆ ಇಳಿಬಿಟ್ಟು, ಅಜ್ಜನ ಕಾಲದಿಂದ ಒಂದು ಬಿಯರಿನಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಬಂದ ಯೀಸ್ಟ್ ಅದು.

"ಅಜ್ಜನ್ನೂ ಮೀರಿ ಬದುಕಿದ್ದನ್ನ ನೀನು ಮುಗಿಸಿಬಿಟ್ಯಲ್ಲೋ ಮಾರಾಯ!" ಎಂದು ನಾನು ನಕ್ಕೆ. ಅವನು ನಗಲಿಲ್ಲ. ನನ್ನ ಹೆಂಡತಿ ಗೆನೊವೈತೆ ನನ್ನನ್ನು ದುರುಗುಟ್ಟಿ ನೋಡಿ, ನಮ್ಮ ಬಾವಿಯಿಂದ ನಮ್ಮ ಯೀಸ್ಟಿನ ಜಾಡಿ ಎಳೆದು ಅರ್ಧ ಸುರಿದು ಕೊಟ್ಟಳು.

ಮುಂದಿನ ವಾರವೇ ಮತ್ತೆ ಬಂದ. ಮತ್ತೆ ಖಾಲಿ ಜಾಡಿ.

"ಈ ಸಲದ್ದೂ ಹೋದ್ರೆ ಎಲ್ಲ ಗುಜರಿಗೆ ಹಾಕಿಬಿಡ್ತೀನಿ," ಅಂದ. "ಕೊಳವೆ ಮಾತಾಡಲ್ಲ. ಮನೇಲಿ ಸದ್ದೇ ಇಲ್ಲ ಕಣಮ್ಮ."

"ಯೀಸ್ಟ್ ಹಾಕೋ ಮುಂಚೆ ಬಿಸಿ ಹೆಂಗೆ ನೋಡ್ತೀಯ?" ಎಂದು ಗೆನೊವೈತೆ ಕೇಳಿದಳು.

"ಮೊಣಕೈ ಅದ್ದಿ. ಉರ್ಶುಲೆ ಹಂಗೇ ನೋಡ್ತಿದ್ದಳು."

"ಅದು ಅವಳ ಮೊಣಕೈ ಕಣಯ್ಯ! ನಿಂದು ಕುದುರೆ ಗೊರಸು. ಕುದಿಯೋ ನೀರಲ್ಲಿಟ್ರೂ ತಣ್ಣಗಿದೆ ಅನ್ನತ್ತೆ. ಯೀಸ್ಟ್ ಬೆಂದು ಸಾಯತ್ತೆ."

"ನಮ್ಮನೆ ಕಿಟಕಿ ಥರ್ಮಾಮೀಟರ್ ಒಯ್ಯಿ," ಅಂದೆ ನಾನು.

ಅವನು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಗೆನೊವೈತೆಯ ಕೈಯನ್ನೇ ನೋಡುತ್ತ ನಿಂತಿದ್ದ. ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿ, ಉಳಿದ ಯೀಸ್ಟಿನ ಜಾಡಿ ಎತ್ತಿಕೊಂಡು ಅವನ ಮನೆಗೆ ಹೊರಟಳು; ನಾನೂ ಹಿಂದೆ ಹೋದೆ.

ಅವನ ಅಂಗಳದಲ್ಲಿ ತೊಟ್ಟಿಯಿಂದ ಸೋಸಿದ ಬಾರ್ಲಿಯ ಸಿಹಿ ರಸ ಹಬೆಯಾಡುತ್ತಿತ್ತು. ಅವಳು ಮೊಣಕೈ ಅದ್ದಿ, "ಇನ್ನೂ ಬಿಸಿ," ಅಂದಳು. ಕೂತೆವು. ಮತ್ತೆ ಅದ್ದಿ, "ಇನ್ನೂ," ಅಂದಳು. ನೆರಳು ಕೊಟ್ಟಿಗೆ ದಾಟಿತು. ನನ್ನ ಗಡ್ಡ ಮೊಳದುದ್ದ ಬೆಳೆಯಿತು. ರಪೋಲಾಸ್ ಮಾತ್ರ ಆ ಒದ್ದೆ ಮೊಣಕೈಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ, "ಈಗ ಹಾಕು," ಅಂದಳು.

ಮರುದಿನ ನಮ್ಮ ಕಿಟಕಿಯಾಚೆಯಿಂದಲೇ ಕೂಗಿದ: "ಕೊಳವೆ ಮಾತಾಡ್ತಿದೆ!"

ಬಿಯರು ಸಿದ್ಧವಾದಾಗ ನಮ್ಮನ್ನು ಕರೆದ. ಉರ್ಶುಲೆಯ ಕುರ್ಚಿಯನ್ನು ಕ್ಯಾನಿನ ಪಕ್ಕಕ್ಕೆ ಎಳೆದು ತಾನು ಅದರಲ್ಲಿ ಕೂತಿದ್ದ. ನಮಗೆ ಮಗ್ಗು ತುಂಬಿ ಕೊಟ್ಟ. ನೊರೆಯ ಮೇಲೆ ಈ ಸಲ ಪಾದ್ರಿಯೇ ನಡೆಯಬಹುದಿತ್ತು. ಹಾಗೆಂದು ಹೇಳಿದೆ. ಅವನು ತನ್ನ ಮಗ್ಗು ಮುಟ್ಟಿರಲಿಲ್ಲ. ಕಿವಿ ಬಾಟಲಿಯ ಕಡೆಗಿತ್ತು. ಒಂದು ಗುಳ್ಳೆ ಎದ್ದಿತು. ಬಹಳ ಹೊತ್ತಾದ ಮೇಲೆ ಇನ್ನೊಂದು. ಆಮೇಲೆ ಏನೂ ಇಲ್ಲ.

"ಮುಗೀತು," ಅಂದ.

ಕ್ಯಾನಿನ ಬಿಯರನ್ನೆಲ್ಲ ಬಕೆಟ್ಟುಗಳಿಗೆ ಬಗ್ಗಿಸಿ, ಊರಿಗೆ ಹಂಚಿಬಿಡಿ ಎಂದು ನಮ್ಮ ಕೈಗೆ ಕೊಟ್ಟ. ನಾವು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ತೊಟ್ಟಿ ಉಜ್ಜುವ ಸದ್ದು ಕೇಳಿತು.

"ಗೆನೊವೈತೆ," ಎಂದು ಕೂಗಿ ಕೇಳಿದ, "ನಾಳೆ ನಿನ್ನ ಕೈ ಬಿಡುವಾಗಿರತ್ತಾ?"