ಅಪ್ಪನಿಗಿಂತ ವಯಸ್ಸಾದ ಹೊನ್ನೂರಮ್ಮ

ಹೊಸಪೇಟೆಯ ಚಿತ್ತವಾಡ್ಗಿಗೆ ಹೊಸದಾಗಿ ಬಂದವರೆಲ್ಲ ಮಾಡುವ ತಪ್ಪನ್ನೇ ಇದನ್ನು ಬರೆಯುತ್ತಿರುವವನೂ ಒಮ್ಮೆ ಮಾಡಿದ್ದುಂಟು. ಹೊನ್ನೂರಮ್ಮನ ಮಿರ್ಚಿ ಅಂಗಡಿಯೆಂದರೆ ಮನೆಯ ಮುಂದಿನ ಕಟ್ಟೆ, ಅಷ್ಟೇ. ಎಣ್ಣೆ ಕಾಯುವ ತನಕ ಗಿರಾಕಿಗಳು ಬಾಗಿಲೊಳಗೆ ಇಣುಕುವುದು ವಾಡಿಕೆ. ಒಳಗೋಡೆಯ ಮೇಲೆ ಒಂದೇ ಒಂದು ಫೋಟೋ. ಮಿಲಿಟರಿ ಕೋಟು ತೊಟ್ಟ, ಮೀಸೆ ಇನ್ನೂ ಸರಿಯಾಗಿ ಕೂರದ ಹುಡುಗ. ಗಾಜಿನ ಮೇಲೆ ಕುಂಕುಮವಿಲ್ಲ, ಮಾಲೆಯಿಲ್ಲ. ಅಂದ ಮೇಲೆ ಬದುಕಿರುವವನು. ಒಲೆಯ ಮುಂದೆ ಕೂತ ಹೆಂಗಸಿಗೆ ಐವತ್ತರ ಹತ್ತಿರ. ಎಲ್ಲಾ ಹೊಂದಿಕೊಂಡಿತು. “ಮಗ ಎಲ್ಲದಾನಮ್ಮ, ಕಾಶ್ಮೀರದಾಗೇನು? ರಜಾ ಯಾವಾಗ?” ಎಂದು ಕೇಳಿ, ದೇಶದ ಗಡಿಯ ಬಗ್ಗೆ ತೋರಿಸಿದ ಈ ಕಾಳಜಿಗೆ ಒಂದು ಮಿರ್ಚಿ ಹೆಚ್ಚಿಗೆ ಬೀಳಬಹುದೆಂದು ಕಾದು ನಿಂತದ್ದಾಯಿತು.

“ನನಗ ಮಕ್ಕಳಿಲ್ರಿ,” ಎಂದಳು ಹೊನ್ನೂರಮ್ಮ, ಎಣ್ಣೆಯಿಂದ ಕಣ್ಣೆತ್ತದೆ. “ಅಂವ ನಮ್ಮಪ್ಪ.”

ಮಿರ್ಚಿ ಹೆಚ್ಚಿಗೆ ಬೀಳಲಿಲ್ಲ.

ಅಪ್ಪ ಗಾಳೆಪ್ಪ ಕಂಪ್ಲಿಯವನು. ನಲವತ್ತೆರಡರ ಮಳೆಗಾಲದಲ್ಲಿ, ಡ್ಯಾಮು ಕಾಲುವೆ ಎಲ್ಲ ಇನ್ನೂ ಬರೀ ಮಾತಿನಲ್ಲೇ ಇದ್ದಾಗ, ಸಂತೆಯಲ್ಲಿ ನಿಂತ ಮಿಲಿಟರಿ ಲಾರಿಯವರು ಕಾಲಿಗೆ ಬೂಟು, ಹೊಟ್ಟೆಗೆ ಎರಡು ಹೊತ್ತು ಊಟ ಅಂದದ್ದು ಕೇಳಿ ಹೆಸರು ಬರೆಸಿದ. ವೈರಿ ಯಾರು, ಎಲ್ಲಿದ್ದಾನೆ ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಳ್ಳಾರಿಯ ರೈಲು ಹತ್ತಲು ಹೆಂಡತಿ ಜಂಬವ್ವನ ಜೊತೆ ಹೊಸಪೇಟೆಗೆ ಬಂದವನು ಅವಳಿಗೊಂದು ಫೋಟೋ ತೆಗೆಸಿಕೊಟ್ಟ. ಸ್ಟುಡಿಯೋದವನ ಬಳಿ ಒಂದು ಖಾಕಿ ಕೋಟು ಇತ್ತು. ನಿಜವಾದ ಕೋಟು ಸಿಗುವುದು ಎಲ್ಲೋ ದೂರದಲ್ಲಿ. ಅಲ್ಲಿ ತೊಟ್ಟರೆ ಹೆಂಡಿರು ನೋಡುವಂತಿಲ್ಲ. ಹಾಗಾಗಿ ಸೈನ್ಯಕ್ಕೆ ಹೊರಟವರೆಲ್ಲ ಸರದಿಯ ಪ್ರಕಾರ ಅದನ್ನೇ ತೊಟ್ಟು, ಬಣ್ಣದ ಪರದೆಯ ಮೇಲಿನ ಕೋಟೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಕೊರಳು ಬಿಗಿಯಾತು ಎಂದು ಗಾಳೆಪ್ಪ ಗೊಣಗಿದನಂತೆ. ಜಂಬವ್ವನ ಹೊಟ್ಟೆಯಲ್ಲಿ ಆಗ ಹೊನ್ನೂರಮ್ಮ.

ಬರ್ಮಾ ಕಡೆಯಿಂದ ಒಂದೆರಡು ಸಲ ಸುದ್ದಿ ಬಂತು, ಆಮೇಲೆ ನಿಂತಿತು. ಯುದ್ಧ ಮುಗಿದ ಮೇಲೆ ತಾಲೂಕು ಕಚೇರಿಯವನೊಬ್ಬ ಬಂದು, ಗಾಳೆಪ್ಪ ಸಿಕ್ಕಿಲ್ಲ ಎಂದ.

“ಸತ್ತಾನೇನ್ರಿ?” ಎಂದು ಕೇಳಿದಳು ಜಂಬವ್ವ.

“ಹಂಗಂತ ಹೇಳಿಲ್ಲ.”

“ಹಂಗಾದ್ರ ಬರ್ತಾನ.”

ಬರಲಿಲ್ಲ. ಡ್ಯಾಮು ಎದ್ದಿತು, ಕಾಲುವೆಗೆ ನೀರು ಬಂತು. ಕಂಪ್ಲಿಯಲ್ಲಿ ಎರಡು ಬೆಳೆ ಭತ್ತ, ಕಬ್ಬು, ಹೊಸ ಹೊಸ ಅಕ್ಕಿ ಮಿಲ್ಲು, ಮಿಲ್ಲಿನ ಮಾಲೀಕರ ಕೈಗೆ ಉಂಗುರ. ಯುದ್ಧದಿಂದ ತಿರುಗಿ ಬಂದವರಿಗೆ ಕಾಲುವೆ ಕೆಳಗೆ ಜಮೀನು ಕೊಡುತ್ತಿದ್ದಾರೆ, ಸತ್ತವರ ಹೆಂಡಿರಿಗೂ ಕೊಡುತ್ತಾರೆ, ಗಂಡ ಸತ್ತನೆಂದು ಹೆಬ್ಬೆಟ್ಟು ಒತ್ತಿದರೆ ಸಾಕು ಎಂದು ಜಂಬವ್ವನ ಅಣ್ಣಂದಿರು ಕುಣಿದರು. “ಒತ್ತಿದ್ರ ನಾನೇ ಕೊಂದಂಗಾಕೈತಿ,” ಎಂದು ಜಂಬವ್ವ ಕೈ ಸೆರಗಿನೊಳಗೆ ಇಟ್ಟುಕೊಂಡಳು. ಹೋಗಲಿ, ಉಡಿಕೆ ಮಾಡಿ ಇನ್ನೊಬ್ಬನ ಮನೆ ಸೇರಿಸೋಣ ಅಂದರೆ, ಗಂಡ ಇರುವವಳಿಗೆ ಎಂಥ ಉಡಿಕೆ ಎಂದು ಅವರನ್ನೇ ಬಾಯಿಗೆ ಬಂದಂತೆ ಬೈದಳು. ಕಡೆಗೆ ಮಗಳನ್ನು ಕಟ್ಟಿಕೊಂಡು ಚಿತ್ತವಾಡ್ಗಿಗೆ ಬಂದು ಸಕ್ಕರೆ ಕಾರ್ಖಾನೆಯ ಕೂಲಿಗೆ ನಿಂತಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ತಲೆಯ ಮೇಲೆ ಬೂದಿಯ ಬುಟ್ಟಿ.

ಹೊನ್ನೂರಮ್ಮನನ್ನು ಸಂಡೂರಿನ ಅದಿರು ಲಾರಿಯ ಡ್ರೈವರನಿಗೆ ಕೊಟ್ಟಿದ್ದಾಯಿತು. ಎಪ್ಪತ್ತನಾಲ್ಕರಲ್ಲಿ ಲಾರಿ ಗುಡ್ಡದ ತಿರುವಿನಲ್ಲಿ ಮಗುಚಿತು. ಹೆಂಗಸರು ಅವಳನ್ನು ಕೂರಿಸಿ, ಕೈಯನ್ನು ಕಲ್ಲಿನ ಮೇಲಿಟ್ಟು ಬಳೆ ಒಡೆದರು. ಯಾರಿಗೋ ಅವಸರ, ಒಂದು ಚೂರು ಮಣಿಕಟ್ಟಿನೊಳಗೆ ಹೋಯಿತು. ತಾಯಿಮನೆಗೆ ತಿರುಗಿ ಬಂದವಳು ಕಟ್ಟೆಯ ಮೇಲೆ ಒಲೆ ಹಚ್ಚಿದಳು.

ಹೀಗೆ ಆ ಮನೆಯಲ್ಲಿ ತಾಯಿ ಮುತ್ತೈದೆ, ಮಗಳು ಬೋಳು ಹಣೆಯವಳು. ಮದುವೆ, ಸೀಮಂತಕ್ಕೆ ಕರೆಯಲು ಬಂದವರು ಮಗಳನ್ನು ದಾಟಿ ಒಳಗೆ ಹೋಗಿ ತಾಯಿಗೆ ಕುಂಕುಮ ಕೊಡುತ್ತಿದ್ದರು. ಓಣಿಯ ಹಿರಿಯ ಮುತ್ತೈದೆಯೆಂದು ಮೊದಲ ಆರತಿ ಹಿಡಿಯುವುದು ಜಂಬವ್ವನೇ. ಬೆನ್ನ ಹಿಂದೆ ನಗುವವರು ಇದ್ದರು. “ಗಂಡ ಬರ್ಮಾದಾಗ ಇನ್ನೊಂದು ಸಂಸಾರ ಹೂಡ್ಯಾನ ಬಿಡವಾ,” ಎಂದು ಎದುರುಮನೆಯ ನೀಲಗಂಗಮ್ಮ ಒಮ್ಮೆ ಮುಖದ ಮೇಲೇ ಅಂದಿದ್ದಳು. “ಹೂಡಲಿ ಬಿಡು, ಉಂಡ್ಕಂಡು ಇದ್ದರ ಸಾಕು,” ಎಂದಿದ್ದಳು ಜಂಬವ್ವ. ನೀಲಗಂಗಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಮಗಳ ಮದುವೆಗೆ ಉಡಿ ತುಂಬಲು ಇವಳನ್ನೇ ಕರೆದಳು.

ಅಪ್ಪ ಬರುತ್ತಾನೆಂದು ಹೊನ್ನೂರಮ್ಮ ಯಾವತ್ತೂ ನಂಬಿದವಳಲ್ಲ. ಆದರೆ ಆ ಕಲ್ಲಿನ ಮೇಲೆ ಅವ್ವನ ಕೈ ಬೀಳಕೂಡದು ಎಂಬುದೊಂದನ್ನು ಹಿಡಿದುಕೊಂಡಿದ್ದಳು. ಅವ್ವನಿಗೆ ಎಪ್ಪತ್ತಾಗುತ್ತ ಬಂದಿತ್ತು, ಕಣ್ಣು ಮಂಜಾಗಿತ್ತು. ಇನ್ನೊಂದಿಷ್ಟು ವರ್ಷ ಹೀಗೇ ಸಾಗಿದರೆ ತುಂಬಿದ ಹಣೆಯಲ್ಲಿ, ಹಸಿರು ಬಳೆಯಲ್ಲಿ ಅವಳನ್ನು ಮಣ್ಣಿಗಿಡಬಹುದು. ಬದುಕಿನಲ್ಲಿ ಸಿಗದದ್ದು ಅಲ್ಲಾದರೂ ಸಿಗಲಿ.

ಅಷ್ಟರಲ್ಲಿ ತೊಂಬತ್ತೈದು ಬಂತು, ಜೊತೆಗೆ ವಿರುಪಾಕ್ಷಪ್ಪನವರೂ ಬಂದರು.

ವಿರುಪಾಕ್ಷಪ್ಪನವರು ನಾಗರಿಕರ ಸಂಘದ ಅಧ್ಯಕ್ಷರು. ಸಂಘದಲ್ಲಿ ನಾಗರಿಕರು ಎಷ್ಟಿದ್ದರೋ ತಿಳಿಯದು, ಅಧ್ಯಕ್ಷರಿದ್ದದ್ದಂತೂ ಖಂಡಿತ. ಮಹಾಯುದ್ಧ ಮುಗಿದು ಐವತ್ತು ವರ್ಷವಾಯಿತೆಂದು ಅವರು ಯಾವುದೋ ಪೇಪರಿನಲ್ಲಿ ಓದಿದರು. ಆಗಸ್ಟ್ ಹದಿನೈದಕ್ಕೆ ‘ನಮ್ಮ ತಂದೆಯರು, ನಮ್ಮ ವೀರರು’ ಎಂಬ ಫೋಟೋ ಪ್ರದರ್ಶನ ಎಂದು ಸಾರಿಬಿಟ್ಟರು. ಬ್ರಿಟಿಷರ ಪರವಾಗಿ ಹೊಡೆದಾಡಿದವರನ್ನು ಬ್ರಿಟಿಷರು ತೊಲಗಿದ ದಿನವೇ ಕೊಂಡಾಡುವುದರಲ್ಲಿ ಏನೋ ಒಂದು ಇದೆ ಎಂದು ನಿವೃತ್ತ ಮೇಷ್ಟ್ರೊಬ್ಬರು ಹೇಳಹೋದರು. ಸನ್ಮಾನಿತರ ಪಟ್ಟಿಯಿಂದ ಅವರ ಹೆಸರು ಬಿದ್ದುಹೋಯಿತು.

“ನೋಡವಾ ಹೊನ್ನೂರಮ್ಮ,” ಎಂದರು ಅಧ್ಯಕ್ಷರು, ಕಟ್ಟೆಯ ಮೇಲೆ ಟವೆಲು ಹಾಸಿ ಕೂತು. “ನಿಮ್ಮಪ್ಪಂದು ಇಲ್ಲಾಂದ್ರ ನನ್ನ ಪ್ರದರ್ಶನ ಅರ್ಧ ಆದಂಗ.”

“ಬ್ಯಾಡ್ರಿ. ನೀವು ಮಾಲಿ ಗೀಲಿ ಹಾಕ್ತೀರಿ.”

ಒಳಗಿನಿಂದ ಜಂಬವ್ವ ಕೂಗಿದಳು: “ಕೊಡಲೇ! ಮಿಲಿಟರಿಗೆ ಹೋಗಿ ಬಂದೋರೆಲ್ಲಾ ಬರ್ತಾರಂತಲ್ಲ, ದರೋಜಿ, ಸಂಡೂರು ಎಲ್ಲಾ ಕಡಿಂದ. ಯಾರರ ನೋಡಿದೋರು ಇದ್ದರ?”

ಅವ್ವನ ಆಸೆಗೆ ಮಗಳು ಸೋತಳು. ಆದರೆ ಫೋಟೋ ಕೈಗೆ ಕೊಡುವ ಮುಂಚೆ ವಿರುಪಾಕ್ಷಪ್ಪನವರ ಬಾಯಿಂದ ಮಾತು ತೆಗೆದುಕೊಂಡಳು. ಮಾಲೆ ಇಲ್ಲ, ಕುಂಕುಮ ಇಲ್ಲ.

“ನನ್ನ ತಾಯಾಣಿ,” ಎಂದರು ವಿರುಪಾಕ್ಷಪ್ಪ. ಅವರ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆಣೆಯಿಂದ ಅವರಿಗೆ ತೊಂದರೆಯೇನೂ ಇರಲಿಲ್ಲ.

ಆ ದಿನ ಜಂಬವ್ವ ಹೊಸ ಇಳಕಲ್ ಸೀರೆ ಉಟ್ಟು, ಬಳೆಗಾರನಿಂದ ಹೊಸ ಬಳೆ ಇಡಿಸಿಕೊಂಡು ಆಟೋ ಹತ್ತಿದಳು. ಪೆಂಡಾಲಿನ ಬಟ್ಟೆಗೋಡೆಯ ಉದ್ದಕ್ಕೂ ಫೋಟೋಗಳು. ಹೊನ್ನೂರಮ್ಮ ಒಂದೊಂದಾಗಿ ನೋಡುತ್ತ ಹೋದಳು. ಅದೇ ಕೋಟೆ, ಅದೇ ಕೋಟು, ಎದೆಯ ಮೇಲೆ ಅದೇ ಒಂದು ಗುಂಡಿ ಇಲ್ಲ. ಕೆಲವರಿಗೆ ತೋಳು ಉದ್ದ, ಕೆಲವರಿಗೆ ಗಿಡ್ಡ. ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ಹಿಗ್ಗಿಸಿದ್ದು ವಿರುಪಾಕ್ಷಪ್ಪನವರ ತಂದೆಯದು. ಅವರು ಆ ಕಾಲಕ್ಕೆ ಅಕ್ಕಿ ದಲ್ಲಾಳಿಯೊಬ್ಬನ ಗುಮಾಸ್ತರು. ಯುದ್ಧದ ದೆಸೆಯಿಂದ ಗುಂತಕಲ್ ತನಕ ಹೋಗಿ ಬಂದಿದ್ದರು. ಕೋಟು ಅವರ ಹೊಟ್ಟೆಯ ಮೇಲೆ ಮುಚ್ಚಿಕೊಂಡಿರಲಿಲ್ಲ. ಕೆಳಗೆ ಮಾತ್ರ ‘ರಣಧೀರ’ ಎಂದು ಬರೆದಿತ್ತು.

ಗಾಳೆಪ್ಪನ ಫೋಟೋ ಸಾಲಿನ ಕೊನೆಗೆ, ಮಾಲೆ ಕುಂಕುಮವಿಲ್ಲದೆ ಬರಿದಾಗೇ ಇತ್ತು. ಹೊನ್ನೂರಮ್ಮ ಉಸಿರು ಬಿಟ್ಟಳು.

ದರೋಜಿಯಿಂದ ಬಂದ ಮುದುಕನೊಬ್ಬ ಕೋಲೂರಿಕೊಂಡು ಅದರ ಮುಂದೆ ನಿಂತ. ಬರ್ಮಾ ನೋಡಿದ ಕಾಲು ಅದು, ಎರಡು ಬೆರಳಿಲ್ಲ.

“ಇವನ್ನ ನೋಡೀರೇನ್ರಿ ಅಣ್ಣಾ? ಗಾಳೆಪ್ಪ ಅಂತ, ಕಂಪ್ಲಿಯಂವ,” ಎಂದು ಕೇಳಿದಳು ಜಂಬವ್ವ.

ಮುದುಕ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ. ಭಾಳ ಹೊತ್ತು ನೋಡಿದ.

“ಕೋಟು ನೋಡೀನವಾ,” ಎಂದ. “ನಾನೂ ತೊಟ್ಟಿದ್ದೆ. ಮೈಯೆಲ್ಲಾ ತುರಿಸ್ತಿತ್ತು.”

“ಮುಖ?”

“ಮುಖ ಎಲ್ಲಾರ್ದೂ ಹಿಂಗಾ ಇತ್ತವಾ ಆವಾಗ,” ಎಂದು ಮುದುಕ ಮುಂದೆ ಹೋದ.

ಮುಖ್ಯ ಅತಿಥಿಗಳ ಜೀಪು ಬರುವ ಹೊತ್ತಿಗೆ ವಿರುಪಾಕ್ಷಪ್ಪನವರಿಗೆ ದಿಢೀರನೆ ಉಪಾಹಾರದ ನೆನಪಾಯಿತು. “ಹೊನ್ನೂರಮ್ಮ, ನಿನ್ನ ಕೈ ಮಿರ್ಚಿ ತಿನ್ನಲಿಲ್ಲಾಂದ್ರ ದೊಡ್ಡೋರು ಹೊಸಪ್ಯಾಟಿಗೆ ಬಂದಂಗಾ ಅಲ್ಲ. ಜಲ್ದಿ!” ಅವ್ವನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ಅವಳು ಪೆಂಡಾಲಿನ ಹಿಂದೆ ಒಲೆಯ ಮುಂದೆ ಕೂತಳು. ಮೈಕಿನಲ್ಲಿ ಅಧ್ಯಕ್ಷರ ಭಾಷಣ ಏರುತ್ತಿತ್ತು. ಅವರ ತಂದೆಯವರು ಬರ್ಮಾ, ಈಜಿಪ್ಟ್, ಇಟಲಿ ಎಲ್ಲ ಗೆದ್ದುಬಂದರು. ಇವಳು ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಅದ್ದಿ ಬಿಟ್ಟಳು. ಅಷ್ಟರಲ್ಲಿ ಕೇಳಿಸಿತು:

“ಇದೀಗ ಹುತಾತ್ಮ ಗಾಳೆಪ್ಪನವರ ಭಾವಚಿತ್ರಕ್ಕೆ...”

ಹಿಟ್ಟಿನ ಕೈಯಲ್ಲೇ ಓಡಿದಳು. ಚಪ್ಪಾಳೆ ಮುಗಿದಿತ್ತು. ಆಮೇಲೆ ಶಾಮಿಯಾನದ ಪಾಲಯ್ಯ ಹೇಳಿದ್ದು ಇಷ್ಟು: ಒಂದೊಂದು ಫೋಟೋಕ್ಕೆ ಒಂದೊಂದು ಮಾಲೆ ಎಂದು ಅಧ್ಯಕ್ಷರೇ ತರಿಸಿದ್ದರು, ಕೊನೆಯ ಫೋಟೋದ ಮುಂದೆ ಬಂದಾಗ ಅವರಿಗೆ ಏನೋ ನೆನಪಾದಂತಾಗಿ ಒಂದು ಗಳಿಗೆ ತಡೆದರು, ಆದರೆ ಮುಖ್ಯ ಅತಿಥಿಗಳು ಕೈ ಚಾಚಿಬಿಟ್ಟಿದ್ದರು, ಪೇಪರಿನ ಕ್ಯಾಮೆರಾದವನೂ ಸಿದ್ಧನಾಗಿದ್ದ. “ಅಂಥಾ ಹೊತ್ತಿನಾಗ ಬ್ಯಾಡ ಅನ್ನಾಕಾಕೈತೇನಕ್ಕಾ?” ಎಂದ ಪಾಲಯ್ಯ.

ಜಂಬವ್ವ ಕುರ್ಚಿಯಲ್ಲಿರಲಿಲ್ಲ. ಯಾರನ್ನೋ ಹಿಡಿದುಕೊಂಡು ಫೋಟೋದ ಹತ್ತಿರ ಬಂದು ತಡವುತ್ತಿದ್ದಳು. ಬೆರಳಿಗೆ ಮೊದಲು ಹೂವು ಸಿಕ್ಕಿತು. ಹೂವಿನ ಕೆಳಗೆ ಗಾಜು ಸಿಕ್ಕಿತು. ಗಾಜಿನ ಮೇಲೆ, ಹಣೆಯ ಜಾಗದಲ್ಲಿ, ಇನ್ನೂ ಹಸಿಯಿದ್ದ ಕುಂಕುಮ.

“ಸುದ್ದಿ ಬಂತೇನಲೇ?” ಎಂದಳು.

“ಇಲ್ಲಬೇ! ಎಲ್ಲಾರಿಗೂ ಹಾಕ್ಯಾರ, ಗೊತ್ತಿಲ್ದ ಹಾಕ್ಯಾರ.” ಹೊನ್ನೂರಮ್ಮ ಮಾಲೆ ಕಿತ್ತು ಎಸೆದಳು. ಸೆರಗಿನಿಂದ ಗಾಜು ಒರೆಸಿದಳು. ಕೈಯ ಹಿಟ್ಟು ಮೆತ್ತಿ ಗಾಳೆಪ್ಪನ ಮುಖವೇ ಕಾಣದಾಯಿತು. ಪ್ರದರ್ಶನ ಮುಗಿಯುವ ಮುಂಚೆ ಫೋಟೋ ಇಳಿಸುವಂತಿಲ್ಲ ಎಂದು ಒಬ್ಬ ಸ್ವಯಂಸೇವಕ ಅಡ್ಡ ಬಂದ. ಅವಳಿಗೆ ಅವ್ವನನ್ನು ಮನೆಗೆ ಸಾಗಿಸುವುದೇ ಮುಖ್ಯವಾಗಿತ್ತು.

ಒಂದು ದಿನ ಬಿಟ್ಟು ಪೇಪರಿನಲ್ಲಿ ಚಿತ್ರ ಬಂತು. ಮುಖ್ಯ ಅತಿಥಿಗಳ ಕೈ, ಮಾಲೆ, ಮಾಲೆಯೊಳಗೆ ಗಾಳೆಪ್ಪ. ಅಂದೇ ನೀಲಗಂಗಮ್ಮನ ಜೊತೆ ನಾಲ್ಕೈದು ಹೆಂಗಸರು ತಂಬಿಗೆ ನೀರು ತೆಗೆದುಕೊಂಡು ಬಾಗಿಲಿಗೆ ಬಂದರು. ಕೇಡು ಬಯಸಿ ಬಂದವರಲ್ಲ. ಓಣಿಯಲ್ಲಿ ಯಾರ ಮನೆಗೆ ಸಾವಿನ ಸುದ್ದಿ ಬಂದರೂ ಹೀಗೇ ಬರುವವರು.

ಹೊನ್ನೂರಮ್ಮ ಬಾಗಿಲಿಗೆ ಅಡ್ಡ ನಿಂತಳು. “ಯಾರು ಸತ್ತಾರಂತ ಬಂದೀರಿ?”

“ಪೇಪರ್‍ನಾಗ ಬಂದೈತಲ್ಲವಾ,” ಎಂದಳು ನೀಲಗಂಗಮ್ಮ, ಮೆತ್ತಗೆ. “ಸರ್ಕಾರದೋರಾ ಮಾಲಿ ಹಾಕಿದ ಮ್ಯಾಲೆ ನಾವು ಹೆಂಗ ಅಕೀಗೆ ಕುಂಕುಮ ಕೊಡೋಣು? ನಾಳೆ ಮಕ್ಕಳ ಮದಿವಿ ಮಾಡೋರು ನಾವು.”

“ಸರ್ಕಾರ ಎಲ್ಲೈತಿ ಅದರಾಗ? ಆ ವಿರುಪಾಕ್ಷಪ್ಪ! ನಡೀರಿ ನಿಮ್ಮ ನಿಮ್ಮ ಮನಿಗೆ!”

“ಬಿಡಲೇ,” ಎಂದಿತು ಒಳಗಿನ ದನಿ.

ಜಂಬವ್ವ ಚಾಪೆಯಿಂದ ಎದ್ದು ಗೋಡೆ ಹಿಡಿದುಕೊಂಡು ಬರುತ್ತಿದ್ದಳು. “ಕೈಯಾರ ಮುಟ್ಟಿ ನೋಡೀನಿ ನಾನು. ಹಸಿ ಇತ್ತು. ಎಷ್ಟು ದಿನಾಂತ ಇಲ್ಲಾ ಇಲ್ಲಾ ಅಂತೀ? ನನಗೂ ಸಾಕಾಗೈತಿ.”

“ಯವ್ವಾ, ಬ್ಯಾಡಬೇ.”

“ಬರ್ರಿ,” ಎಂದಳು ಜಂಬವ್ವ, ಮಗಳಿಗಲ್ಲ, ಹೆಂಗಸರಿಗೆ. ಹೊಸಿಲಿನ ಹತ್ತಿರ ಕೂತು ಎರಡೂ ಕೈ ಮುಂದೆ ಚಾಚಿದಳು. ಕಲ್ಲು ಹುಡುಕಬೇಕಾಗಲಿಲ್ಲ, ಹೊಸಿಲೇ ಸಾಕಾಯಿತು. ಹೊನ್ನೂರಮ್ಮನಿಂದ ಆದದ್ದು ಒಂದೇ: ಚೂರು ಒಳಗೆ ಹೋಗದ ಹಾಗೆ ಅವ್ವನ ಮಣಿಕಟ್ಟನ್ನು ತಾನೇ ಗಟ್ಟಿಯಾಗಿ ಹಿಡಿದಳು.

ಆಮೇಲೆ ಜಂಬವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಅಳಲಿಲ್ಲ. ನಡುನಡುವೆ ಮಾತ್ರ ಎಡಗೈಯಿಂದ ಬಲಗೈ ಮಣಿಕಟ್ಟನ್ನು ತಡವಿ ನೋಡಿಕೊಳ್ಳುವಳು, ಏನೋ ಎಲ್ಲೋ ಇಟ್ಟು ಮರೆತವರಂತೆ.

ವಾರದೊಳಗೆ ವಿರುಪಾಕ್ಷಪ್ಪನವರು ತಾವೇ ಫೋಟೋ ಹಿಡಿದುಕೊಂಡು ಬಂದರು. ಗಾಜು ಒರೆಸಿ, ಹೊಸ ಕಟ್ಟು ಹಾಕಿಸಿ, ಕೆಳಗೆ ಸಂಘದ ಹೆಸರು ಬರೆಸಿದ್ದರು. ಕಾರ್ಯಕ್ರಮ ಎಂಥ ಮಸ್ತ್ ಆಯಿತು, ಮುಖ್ಯ ಅತಿಥಿಗಳು ಮಿರ್ಚಿಯನ್ನು ಎಷ್ಟು ಹೊಗಳಿದರು ಎಂದೆಲ್ಲ ಹೇಳಿದರು. ಒಳಗೆ ಗೋಡೆ ಕಡೆ ತಿರುಗಿ ಮಲಗಿದವಳನ್ನು ಕಂಡು, “ಯಮ್ಮಗ ಹುಷಾರಿಲ್ಲೇನು?” ಎಂದರು. ಹೊನ್ನೂರಮ್ಮ ಫೋಟೋ ತೆಗೆದುಕೊಂಡು ಹಳೆಯ ಮೊಳೆಗೇ ಸಿಕ್ಕಿಸಿದಳು.

ಅಧ್ಯಕ್ಷರು ಜೇಬಿನಿಂದ ಪೆನ್ನು ತೆಗೆದರು. “ಸ್ಮರಣ ಸಂಚಿಕಿ ತರಾಕತ್ತೀವಿ ಹೊನ್ನೂರಮ್ಮ. ಒಂದೇ ಒಂದು ವಿಷಯ ಖಾಲಿ ಉಳದೈತಿ. ನಿಮ್ಮ ತಂದಿಯೋರು ತೀರಿಕೊಂಡಿದ್ದು ಯಾವತ್ತು, ಯಾವ ಜಾಗದಾಗ?”

ಹೊನ್ನೂರಮ್ಮ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು.

“ಮೊನ್ನೆ ಆಗಸ್ಟ್ ಹದಿನೈದಕ್ಕ್ರಿ,” ಎಂದಳು. “ನಿಮ್ಮ ಪೆಂಡಾಲ್‍ನಾಗ.”