ಪಾದ ಎತ್ತದ ಕವಾಯತು

ಇಂದು ಬೆಳಿಗ್ಗೆ ಹೆಂಡತಿಯ ಜೊತೆ ವಾಕಿಂಗ್ ಹೊರಟಾಗ, ಸುರಪುರದ ರಸ್ತೆಯಂಚಿಗೆ ಒಣಹಾಕಿದ್ದ ಭತ್ತದ ವಾಸನೆ ಮೂಗಿಗೆ ಬಡಿಯಿತು. ಮನಸ್ಸು ನೇರ ಕಕ್ಕೇರಾ ಹತ್ತಿರದ ನಮ್ಮ ಪ್ರಾಥಮಿಕ ಶಾಲೆಯ ಬಯಲಿಗೆ ಓಡಿತು.

ಆಗ ಕಾಲುವೆ ನೀರು ಬಂದ ಹೊಸದು. ಜೋಳ ಬೆಳೆಯುತ್ತಿದ್ದವರೆಲ್ಲ ಭತ್ತ ಹಚ್ಚಿದ್ದರು. ಅದನ್ನು ಒಣಗಿಸಲು ಊರಲ್ಲಿದ್ದ ಸಮತಟ್ಟು ಜಾಗ ನಮ್ಮ ಆಟದ ಬಯಲೊಂದೇ. ಹೊಸದಾಗಿ ಬಂದ ಪಿ.ಟಿ. ಮಾಸ್ತರರು ಓಟ, ಕೊಕ್ಕೊ, ಲೇಜಿಮು ಎಂದು ವರ್ಷದ ಯೋಜನೆಯನ್ನೇ ಗೋಡೆಗೆ ಅಂಟಿಸಿ ಹೊರಗೆ ಬಂದರೆ, ಕಾಲಿಡಲು ಜಾಗವಿಲ್ಲ.

"ತಗೀರಿ ಇದನ್ನ! ನಮ್ಮ ಹುಡುಗ್ರು ಎಲ್ಲಿ ಆಡಬೇಕು?"

"ಭತ್ತದಾಗ ಆಡಲಿ ಬಿಡ್ರಿ ಮಾಸ್ತರ್ರ," ಎಂದಳು ಕಾವಲಿಗೆ ಕೂತಿದ್ದ ಮುದುಕಿ ಭೀಮವ್ವ. "ಕಾಲು ಎಳಕೋಂತ ಅಡ್ಡಾಡಿದ್ರ ಭತ್ತ ತಿರುವಿದಂಗೂ ಆಗ್ತದ."

ಮಾಸ್ತರರು ಸ್ವಲ್ಪ ಯೋಚಿಸಿ ಸೀಟಿ ಊದಿದರು. ಅಂದಿನಿಂದ ನಮ್ಮ ಕವಾಯತು ಭತ್ತದ ಮೇಲೆಯೇ. ಬರಿಗಾಲಲ್ಲಿ, ಸಾಲಾಗಿ, ಲೆಫ್ಟ್-ರೈಟ್. ಯಾರಾದರೂ ಪಾದ ಎತ್ತಿದರೆ ಭೀಮವ್ವ ಕೂಗುತ್ತಿದ್ದಳು: "ಎತ್ತಬ್ಯಾಡೋ ಭಾಡ್ಯಾ, ಎಳಿ!"

ಮುಂದೆ ತಾಲೂಕು ಕ್ರೀಡಾಕೂಟ ಬಂತು. ಬೇರೆ ಶಾಲೆಯವರು ದಪದಪ ಹೆಜ್ಜೆ ಹಾಕಿ ಹೋದರು. ನಾವು ಸರಸರ ಕಾಲೆಳೆಯುತ್ತ ವೇದಿಕೆ ದಾಟುವಷ್ಟರಲ್ಲಿ, ಎದ್ದ ಧೂಳಿಗೆ ಅದರ ಮೇಲೆ ವಂದನೆ ಸ್ವೀಕರಿಸುತ್ತ ನಿಂತಿದ್ದ ಶಿಕ್ಷಣ ಇಲಾಖೆಯ ಸಾಹೇಬರೇ ಕಾಣದಾದರು.

"ಇದು ಯಾವ ನಮೂನಿ ಕವಾಯತ್ರಿ?" ಧೂಳಿನೊಳಗಿಂದ ಕೆಮ್ಮು ಕೇಳಿತು.

"ನೀರಾವರಿದ್ರಿ ಸಾಹೇಬ್ರ," ಎಂದರು ನಮ್ಮ ಮಾಸ್ತರರು.

ಇದನ್ನೆಲ್ಲ ನೆನೆದು ನಗುತ್ತಾ ನಡೆಯುತ್ತಿದ್ದೆ. ಈ ಕತೆಯನ್ನು ಎಷ್ಟೋ ಸಲ ಕೇಳಿದ್ದ ಹೆಂಡತಿ, ಮುಂದೆ ಹೋಗುತ್ತಿದ್ದವಳು ಗಕ್ಕನೆ ನಿಂತು ತಿರುಗಿದಳು.

"ಚಪ್ಪಲಿ ಸವೀತಾವ, ಕಾಲೆತ್ತಿ ನಡೀರಿ. ಯಾರ ಭತ್ತ ತಿರುವಾಕತ್ತೀರಿ?"