ನನ್ನ ದನಿ ಹೊತ್ತು ಬಂದ ಆಟೋ

"ನಿಮ್ಮ ಮೂಲ ಯಾವುದು?" ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಭದ್ರಾವತಿ ಎಂದ ಮೇಲೂ ಬಿಡುವುದಿಲ್ಲ. "ಅದಲ್ಲ, ಅದಕ್ಕೂ ಮುಂಚೆ?" ಎನ್ನುತ್ತಾರೆ. ನಾನು ರ‍್ಯಾಪ್ ಹಾಡುವವನು. ಕನ್ನಡದಲ್ಲಿ ಬರೆಯುತ್ತೇನೆ, ಕನ್ನಡದಲ್ಲೇ ಹಾಡುತ್ತೇನೆ. ನನ್ನನ್ನು ಮಾತಾಡಿಸಲು ಕ್ಯಾಮೆರಾ ಹಿಡಿದು ಬಂದವರೆಲ್ಲ ಸುತ್ತಿ ಬಳಸಿ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತಾರೆ.

ಅಜ್ಜ ಸೇಲಂ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದವರು. ಅಪ್ಪ ಹುಟ್ಟಿದ್ದು ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ, ನಾನೂ ಅಲ್ಲೇ. ಮನೆಯಲ್ಲಿ ಆಡುವುದು ತಮಿಳು. ಆದರೆ ತಮಿಳಿನಲ್ಲಿ ಬಸ್ಸಿನ ಬೋರ್ಡು ಓದಲೂ ನನಗೆ ಬರುವುದಿಲ್ಲ. ಒಮ್ಮೆ ಮದುವೆಗೆಂದು ಸೇಲಂಗೆ ಹೋದಾಗ ಅಲ್ಲಿನ ನೆಂಟರು ನನ್ನ ಮಾತು ಕೇಳಿ, ಕನ್ನಡದವನು ಬಂದ ಎಂದು ನಕ್ಕಿದ್ದರು. ಇಲ್ಲಿ ತಮಿಳಿನವನು, ಅಲ್ಲಿ ಕನ್ನಡದವನು. ಹಾಗಾದರೆ ನಾನು ಯಾವ ರೈಲು ಹತ್ತಿ ಎಲ್ಲಿಗೆ ಹೋಗಬೇಕು?

ನನಗೆ ಹಾಡು ಕಲಿಸಿದವರು ಯಾರು ಎಂದೂ ಕೇಳುತ್ತಾರೆ. ಯಾರೂ ಕಲಿಸಲಿಲ್ಲ, ಅಪ್ಪನ ಮಾತು ಕೇಳುತ್ತಾ ಬಂತು. ಕಾರ್ಖಾನೆಯ ಗೇಟಿನ ಮುಂದೆ ನಡೆಯುವ ಯೂನಿಯನ್ ಮೀಟಿಂಗುಗಳಲ್ಲಿ ಅಪ್ಪ ಭಾಷಣ ತರ್ಜುಮೆ ಮಾಡುತ್ತಿದ್ದರು. ಮುಖಂಡರು ಕನ್ನಡದಲ್ಲಿ ಒಂದು ಮಾತು ಹೇಳಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಪ್ಪ ಅದನ್ನು ತಮಿಳಿನಲ್ಲಿ ಹೇಳಿ ಮುಗಿಸಬೇಕು. ಮುಖಂಡರಿಗೆ ಆವೇಶ ಬಂದರೆ ಅಪ್ಪನಿಗೂ ಬರಬೇಕು. ಅವರು ಮೇಜು ಗುದ್ದಿದರೆ ಇವರ ಮಾತು ಆ ಗುದ್ದಿನ ಮೇಲೇ ಬೀಳಬೇಕು. ನಾನು ಸ್ಕೂಲ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಕಾರ್ಖಾನೆಯಲ್ಲಿ ಕೆಲಸ ಕಮ್ಮಿಯಾಗಿ ಮೀಟಿಂಗುಗಳೂ ನಿಂತ ಮೇಲೆ ಅಪ್ಪ ಒಂದು ಕಲ್ಯಾಣ ಮಂಟಪಕ್ಕೆ ವಾಚ್‌ಮನ್ ಆದರು. ನಾನು ರ‍್ಯಾಪ್ ಶುರು ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು: "ಇದು ಹಾಡೋ, ಬೀದಿ ಜಗಳವೋ?"

ಕಾಲೇಜಿಗೆ ಶಿವಮೊಗ್ಗಕ್ಕೆ ಹೋಗಿಬರುತ್ತಿದ್ದಾಗ ಒಬ್ಬ ಗೆಳೆಯ ಸಿಕ್ಕಿದ. ವಿನೋಬನಗರದ ಅವನ ಮನೆಯ ಮಾಳಿಗೆಯಲ್ಲಿ ಒಂದು ಸಣ್ಣ ಕೋಣೆ ಇತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಅವನು ಬೀಟ್ ಕಟ್ಟುತ್ತಿದ್ದ, ನಾನು ಸಾಲು ಬರೆಯುತ್ತಿದ್ದೆ. ಅವನ ಕಿವಿ ಅಪರೂಪದ್ದು, ಅದನ್ನು ಈಗಲೂ ಒಪ್ಪುತ್ತೇನೆ. ನಾನು ಎಲ್ಲಿ ಉಸಿರು ಕದಿಯುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಅಲ್ಲೇ ಸರಿಯಾಗಿ ಒಂದು ಏಟು ಇಡುತ್ತಿದ್ದ.

ಕ್ವಾರ್ಟರ್ಸ್‌ನ ಜನ ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದ ಹೊತ್ತಿನಲ್ಲಿ ನಾವು ಒಂದು ಹಾಡು ಮಾಡಿದೆವು. ಉಳಿದವರ ಹಾಡು ಅದು. ಇಡ್ಲಿ ಬೇಯಿಸಿ ಮಾರುವ ಪಕ್ಕದ ಮನೆಯ ಅಕ್ಕ, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಸೈಕಲ್ ಶಾಪಿನ ಮಾವ, ಎಲ್ಲರೂ ಅದರಲ್ಲಿದ್ದರು. ಪಲ್ಲವಿ ಇಷ್ಟೇ: "ಹೋಗಲ್ಲ ನಾವು, ಇದು ನಮ್ಮೂರು." ಭದ್ರಾ ಸೇತುವೆಯ ಮೇಲೆ ಫೋನಿನಲ್ಲೇ ವಿಡಿಯೋ ಮಾಡಿ ಹಾಕಿದೆವು. ಅದು ಜನರಿಗೆ ಹಿಡಿಸಿತು. ಸಿಟಿ ಬಸ್ಸಿನಲ್ಲಿ ಹಾಕಿದರು, ಗಣಪತಿ ಮೆರವಣಿಗೆಯಲ್ಲಿ ಹಾಕಿದರು. ಆಯನೂರಿನಲ್ಲಿ ಒಂದು ಸ್ಟೇಜಿಗೆ ಕರೆದರೆ ಮುದುಕರೂ ತಾಳ ಹಾಕಿದರು. ಬೆಂಗಳೂರಿಗೂ ಹೋಗಿ ಹಾಡಿ ಬಂದೆವು.

ಆಮೇಲೆ ಚುನಾವಣೆ ಬಂತು.

ಒಂದು ಭಾನುವಾರ ಬೆಳಿಗ್ಗೆ ಅಪ್ಪನೂ ನಾನೂ ಮನೆ ಮುಂದೆ ಕೂತು ಟೀ ಕುಡಿಯುತ್ತಿದ್ದೆವು. ಮೈಕ್ ಕಟ್ಟಿದ ಪ್ರಚಾರದ ಆಟೋ ನಮ್ಮ ಬೀದಿಗೆ ತಿರುಗಿತು. ನಮ್ಮದೇ ಬೀಟ್ ಕೇಳಿ ಮೊದಲು ನನಗೆ ಖುಷಿಯಾಯಿತು. ಮರುಕ್ಷಣವೇ ನನ್ನ ದನಿ ಬಂತು: "ಇದು ನಮ್ಮೂರು!" ಅಷ್ಟೇ. "ಹೋಗಲ್ಲ ನಾವು" ಎಂಬುದನ್ನು ಕತ್ತರಿಸಿ ತೆಗೆದಿದ್ದರು. ಅದರ ಬೆನ್ನಿಗೇ ಯಾರದೋ ದಪ್ಪ ಗಂಟಲು ಕೂಗಿತು: "ಹೊರಗಿನವ್ರಿಗೆ ಜಾಗ ಇಲ್ಲ!" ಮತ್ತೆ ನಾನು. ಮತ್ತೆ ಆ ಗಂಟಲು. ಆಟೋ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೋಯಿತು. ಇಡ್ಲಿ ಅಕ್ಕ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು, ಆಟೋವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು.

ಅಪ್ಪ ಲೋಟ ಕೆಳಗಿಟ್ಟರು. "ಅದು ನಿನ್ ದನಿ ಅಲ್ವೇನೋ?" ಎಂದರು.

ನಮ್ಮ ಬೀದಿಯನ್ನೇ ಖಾಲಿ ಮಾಡು ಎಂದು ನನ್ನ ಗಂಟಲಿನಿಂದಲೇ ಕೂಗಿಸಿದ್ದರು.

ಬೈಕ್ ಹತ್ತಿ ನೇರ ವಿನೋಬನಗರಕ್ಕೆ ಹೋದೆ. ಗೆಳೆಯ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಅದನ್ನು ಕಿತ್ತು ಮೇಜಿನ ಮೇಲೆಸೆದೆ.

"ಯಾರ್ ಕೊಟ್ರು ಅವ್ರಿಗೆ ಆ ಟ್ರ್ಯಾಕು?"

"ಕೂತ್ಕೋ ಮಾರಾಯ, ಹೇಳ್ತೀನಿ."

"ಕೂರಲ್ಲ. ಯಾರ್ ಕೊಟ್ರು?"

"ನಾನೇ. ಬೀಟ್ ನಂದಲ್ವಾ? ಅವ್ರು ನಮ್ಮಪ್ಪಂಗೆ ಬೇಕಾದವ್ರು, ಮನೆಗೇ ಬಂದು ಕೇಳಿದ್ರು. ಇಲ್ಲ ಅನ್ನಕ್ಕಾಗುತ್ತಾ?"

"ಬೀಟ್ ನಿಂದು. ದನಿ?"

"ಅದು ಒಂದ್ ಲೈನು ಕಣೋ. ಇಷ್ಟಕ್ಕೆಲ್ಲಾ..."

"ಆ ಲೈನ್ ಮುಂದೆ ಏನ್ ಸೇರ್ಸಿದಾರೆ ಅಂತ ಕೇಳ್ದ್ಯಾ?"

ಅವನು ನೆಲ ನೋಡಿದ. ಕೇಳಿದ್ದ. ಅವನೇ ಕೂತು ಕತ್ತರಿಸಿದ್ದ. ಕತ್ತರಿಸಿದ ಜಾಗ ಗೊತ್ತೇ ಆಗದಷ್ಟು ನಯವಾಗಿತ್ತು ಆ ಕೆಲಸ. ಅಂಥ ಕೈ ಶಿವಮೊಗ್ಗದಲ್ಲಿ ಇನ್ನೊಂದಿಲ್ಲ. ಕೊನೆಗೆ ಅವನು ಹೇಳಿದ ಮಾತನ್ನು ಮಾತ್ರ ನಾನು ಸಾಯುವವರೆಗೂ ಮರೆಯಲಾರೆ. "ಅದು ನಿನ್ನಂಥವ್ರಿಗೆ ಹೇಳಿದ್ದಲ್ಲ ಮಾರಾಯ. ನೀನ್ ನಮ್ಮೋನು."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಹೊಡೆದಿದ್ದರೆ ವಾಸಿಯಿತ್ತು. ಅವನ ಪ್ರೀತಿಯಲ್ಲಿ ನಾನೊಬ್ಬ ಒಳಗೆ, ನನ್ನ ಅಪ್ಪ ಹೊರಗೆ. ನಾನು ಮೆಟ್ಟಿಲಿಳಿದು ಬಂದೆ.

ಆಟೋ ಓಡಿಸಿದ ಪಕ್ಷದವರೇ ಚುನಾವಣೆ ಗೆದ್ದರು. ಹಾಡು ಅವರದೇ ಆಗಿಹೋಯಿತು. ಕೆಲವು ತಿಂಗಳ ನಂತರ ಶಿವಮೊಗ್ಗದ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ನಾನು ಪೂರ್ತಿ ಹಾಡನ್ನು, ನನ್ನ ಮಾತುಗಳಲ್ಲೇ, ಹಾಡಲು ನಿಂತೆ. ಪಲ್ಲವಿ ಬಂದ ಕೂಡಲೇ ಮುಂದೆ ನಿಂತಿದ್ದ ಹುಡುಗರು ಕೈಯೆತ್ತಿ ಕೂಗಿದರು: "ಹೊರಗಿನವ್ರಿಗೆ ಜಾಗ ಇಲ್ಲ!" ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕುಣಿತದ ಖುಷಿ ಇತ್ತು. ನನಗೆ ಅದನ್ನೇ ತಡೆಯಲಾಗಲಿಲ್ಲ. ಕೈ ಮಾಡಿ ಬೀಟ್ ನಿಲ್ಲಿಸಿದೆ.

"ಆ ಹೊರಗಿನವ್ನು ನಾನೇ ಕಣ್ರೋ," ಎಂದೆ. "ನೋಡ್ಕೊಳ್ಳಿ ಸರಿಯಾಗಿ. ಎಲ್ಲಿಗ್ ಕಳಿಸ್ತೀರಾ, ಹೇಳಿ."

ಇದೂ ಹಾಡಿನ ಭಾಗವೇ ಎಂದುಕೊಂಡು ಯಾರೋ ಶಿಳ್ಳೆ ಹೊಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮದ ಉಸ್ತುವಾರಿ ವಹಿಸಿದ್ದ ಮೇಷ್ಟ್ರು ಓಡಿಬಂದು ಕಿವಿಯಲ್ಲಿ, "ಸಾರ್, ರಾಜಕೀಯ ಬೇಡ, ಬೇರೆ ಯಾವುದಾದ್ರೂ ಜಾಲಿ ಹಾಡು ಹೇಳಿ," ಎಂದರು. ಮೈಕ್ ಅವರ ಕೈಗೇ ಕೊಟ್ಟು ಇಳಿದುಬಿಟ್ಟೆ. ಅಲ್ಲಿಂದ ಮುಂದೆ ಆ ಹಾಡನ್ನು ಎಲ್ಲಿಯೂ ಹಾಡಿಲ್ಲ.

ಹೊಸದೊಂದನ್ನು ಬರೆದೆ. ಮೊದಲ ಬಾರಿಗೆ ಅರ್ಧ ತಮಿಳಿನಲ್ಲಿ, ಕನ್ನಡ ಲಿಪಿಯಲ್ಲಿ ಗೀಚಿಕೊಂಡು. ಅಡುಗೆಮನೆಯಲ್ಲಿ ಅದನ್ನು ಹೇಳಿಕೊಳ್ಳುತ್ತಿದ್ದಾಗ ಅಪ್ಪ ಹೊರಗಿನಿಂದಲೇ ಗದರಿದರು. "ಏನೋ ಅದು ತಮಿಳು? ಬಾಯಲ್ಲಿ ಬಿಸಿ ಬೋಂಡಾ ಇಟ್ಕೊಂಡಂಗೆ!" ಒಳಗೆ ಬಂದು ಒಂದೊಂದೇ ಶಬ್ದ ತಿದ್ದಿದರು. ನಾಲಗೆ ಮಡಚಿ ಹೇಳುವ ಒಂದು ಅಕ್ಷರ ನನಗೆ ಎಷ್ಟು ಮಾಡಿದರೂ ಬರಲಿಲ್ಲ. ಅದಕ್ಕೆ ಅವರಿಗೆ ಬಂದ ಸಿಟ್ಟು ನೋಡಿ ನನಗೆ ನಗು ಬಂತು. ಆ ಇಡೀ ವರ್ಷದಲ್ಲಿ ನಾನು ನಕ್ಕಿದ್ದು ಅದೊಂದು ಸಲವೇ ಇರಬೇಕು.

ಈ ಹೊಸ ಹಾಡು ಬಸ್ಸಿನಲ್ಲಿ ಕೇಳಿಸುವುದಿಲ್ಲ. ಕ್ವಾರ್ಟರ್ಸ್‌ನಲ್ಲಿ ಕೇಳುತ್ತಾರೆ, ಚೆನ್ನೈಯಿಂದ, ಹೊಸೂರಿನಿಂದ ಯಾರೋ ಮೆಸೇಜ್ ಮಾಡುತ್ತಾರೆ. ಕೆಳಗೆ ಕಾಮೆಂಟಿನಲ್ಲಿ "ಕನ್ನಡದಲ್ಲಿ ಹಾಡು, ಇಲ್ಲ ಜಾಗ ಬಿಡು" ಎಂದು ಬರೆಯುತ್ತಾರೆ. ನಾನು ಅಳಿಸುವುದಿಲ್ಲ. ಇರಲಿ, ಎಲ್ಲರೂ ಓದಲಿ.

ಹೋದ ತಿಂಗಳು ಗೆಳೆಯ ಫೋನ್ ಮಾಡಿದ್ದ. ಹೊಸ ಬೀಟ್ ಕಟ್ಟಿದ್ದಾನಂತೆ, ನನ್ನ ಉಸಿರಿಗೇ ಅಳೆದು ಮಾಡಿದ್ದಾನಂತೆ. "ಹಳೇದೆಲ್ಲಾ ಬಿಡು ಮಾರಾಯ, ಮತ್ತೆ ಸೇರಣ," ಎಂದ.

"ಬರ್ತೀನಿ," ಎಂದೆ. "ಮೊದ್ಲು ನೀನ್ ನಮ್ಮನೆಗೆ ಬಾ. ನಮ್ಮಪ್ಪನ ಎದ್ರು ಕೂತು, ಆ ಸಾಲು ಯಾಕೆ ಕತ್ತರಿಸ್ದೆ ಅಂತ ಹೇಳು. ನಿಂಗೆ ತಮಿಳ್ ಬರಲ್ಲ ಅಂತ ಹೆದರ್ಬೇಡ. ಅವ್ರಿಗೆ ಕನ್ನಡ ಚೆನ್ನಾಗೇ ಬರುತ್ತೆ."

ನೋಡೋಣ ಎಂದು ಫೋನ್ ಇಟ್ಟ. ಇನ್ನೂ ಬಂದಿಲ್ಲ.